ಅರವತ್ತರಿಂದ ನೂರಿಪ್ಪತ್ತಕ್ಕೆ

"ಇಷ್ಟು ಸಲೀಸಾಗಿ ಓಡಬಾರದಲ್ಲ ಇದು!"

ಸ್ವಪ್ನ ತನ್ನಷ್ಟಕ್ಕೆ ತಾನೇ ಅಂದುಕೊಂಡು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಎಳೆದಳು. ಎಣ್ಣೆ ಸವರಿದ ಹಾಗೆ ಜಾರಿತು. ಮೂಲೆ ಒಡೆದ, ಮೂರು ವರ್ಷದ ಹಳೇ ಫೋನು; ಈ ವಯಸ್ಸಿಗೆ ಅದಕ್ಕೆ ಇಷ್ಟು ಓಟ ಯಾಕೆ ಬೇಕಿತ್ತು? ಸಾಲದ್ದಕ್ಕೆ ಬೆನ್ನು ಬಿಸಿ. ಸುಮ್ಮನೆ ಮಲಗಿದ್ದ ಫೋನಿಗೆ ಜ್ವರ ಬಂದ ಹಾಗಿತ್ತು.

ಎದುರಿಗೆ, ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಹುಚ್ಚಕ್ಕ ಕೂತಿದ್ದಳು. ಮೊಳಕಾಲ್ಮೂರಿನ ಆ ಪುಟ್ಟ ಮನೆಯಲ್ಲಿ ಮಗ್ಗದ್ದೇ ಯಜಮಾನಿಕೆ. ಒಲೆ, ಹಾಸಿಗೆ, ದೇವರ ಗೂಡು ಎಲ್ಲವೂ ಅದಕ್ಕೆ ಜಾಗ ಬಿಟ್ಟುಕೊಟ್ಟು ಗೋಡೆಗೆ ಒತ್ತಿಕೊಂಡಿದ್ದವು. ಅರ್ಧ ನೇಯ್ದ ಸೀರೆಗೆ ಬಿಳಿ ಬಟ್ಟೆ ಹೊದಿಸಿತ್ತು. ಐದು ದಿನದಿಂದ ಆಕೆ ಲಾಳಿ ಮುಟ್ಟಿರಲಿಲ್ಲ.

ಎಂಟು ಮಗ್ಗದ ಹೆಂಗಸರು ಸೇರಿ ಗುಟ್ಟಾಗಿ ಕಟ್ಟಿದ್ದ ಹೊಸ ಸೀರೆ ನಮೂನೆ 'ಹುಲ್ಲೆ ಅಂಚು' ಐದು ದಿನದ ಹಿಂದೆ ಚಳ್ಳಕೆರೆಯ ನಾಗಭೂಷಣನ ಸೀರೆ ಅಂಗಡಿಯಲ್ಲಿ ಪವರ್‌ಲೂಮ್ ನಕಲಾಗಿ ನೇತಾಡಿತ್ತು. ಅದರ ಚಿತ್ರ ಇದ್ದದ್ದು ಹುಚ್ಚಕ್ಕನ ಫೋನಿನಲ್ಲಿ ಮಾತ್ರ. ಕೊಟ್ಟವಳು ಅವಳೇ ಎಂದು ಕೇರಿ ಆಗಲೇ ತೀರ್ಮಾನ ಮಾಡಿಯಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಗುಂಪಿನ ಹಿರಿಯಳಾದ ಮಂಜುಳಮ್ಮನ ಜಗುಲಿಯಲ್ಲಿ ಎಲ್ಲರೂ ಸೇರಿ ಈ ಮಗ್ಗ ಬಿಚ್ಚಿಸುವುದೊಂದೇ ಬಾಕಿ.

"ಮಗ್ಗ ಹೋದ್ರೆ ಹೋಗ್ಲಿ ಕಣವ್ವ," ಅಂದಳು ಹುಚ್ಚಕ್ಕ. "ಕೂಲಿಗೆ ಹೋಗ್ತೀನಿ, ಶೇಂಗಾ ಕೀಳ್ತೀನಿ. ಆದ್ರೆ ಕಳ್ಳಿ ಅನ್ನಿಸ್ಕೊಂಡು ಇದೇ ಬೀದೀಲಿ ನೀರು ಹಿಡಿಯಕ್ಕೆ ಹೆಂಗೆ ನಿಂತ್ಕೊಳ್ಲಿ?"

ಸ್ವಪ್ನ ಫೋನಿನಿಂದ ತಲೆಯೆತ್ತಿದಳು.

"ನಿಲ್ತೀರಿ ಹುಚ್ಚಕ್ಕ. ಮಾಡಿದೋರನ್ನ ನಾಳೆ ಆ ಜಗುಲಿ ಮೇಲೇ ತಂದು ನಿಲ್ಲಿಸ್ತೀನಿ. ಯಾರೇ ಆಗಿರ್ಲಿ."

ಅಂದುಬಿಟ್ಟ ಮೇಲೆ, ಬಾಯಿ ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿತು. ಅವಳೇನು ಪೊಲೀಸೇ? ಚಳ್ಳಕೆರೆಯ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡ ಹೆಂಗಸು. ಹೆಡ್ ಕಾನ್‌ಸ್ಟೇಬಲ್ ತಿಪ್ಪೇರುದ್ರ ಆಗೀಗ ಕೇಸಿನ ಫೋನುಗಳನ್ನು ತಂದು ತೋರಿಸುತ್ತಿದ್ದ, ಇವಳು ಬಿಚ್ಚಿ ನೋಡಿ ಹೇಳುತ್ತಿದ್ದಳು. ಹಾಗೆ ಹೇಳಿದ್ದು ನಾಲ್ಕು ಸಲ ನಿಜವಾಗಿದ್ದಕ್ಕೆ ಊರಲ್ಲಿ ಪತ್ತೇದಾರಿಣಿ ಅನ್ನುವ ಬಿರುದು ಬಂದಿತ್ತು, ಅರ್ಧ ಗೌರವ, ಅರ್ಧ ಗೇಲಿ.

ಇವತ್ತೂ ಅವನೇ ತನ್ನ ಹಳೇ ಬಿಳಿ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಒಳಗೆ ಬಾರದೆ, ಬೀದಿಯ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ್ದ. ಈಗ ಬಾಗಿಲಲ್ಲಿ ತಲೆ ಹಾಕಿದ.

"ಆಯ್ತಾ ಸ್ವಪ್ನಮ್ಮ? ಫೋಟೋ ಈ ಫೋನಿಂದಲೇ ಹೋಗಿದೆ ಅಂತ ಎರಡು ಸಾಲು ಬರ್ದುಕೊಟ್ರೆ ನನ್ನ ಕೆಲಸ ಮುಗೀತು."

"ಇದರಿಂದ ಯಾರಿಗೂ ಏನೂ ಹೋಗಿಲ್ಲ ರುದ್ರಣ್ಣ. ವಾಟ್ಸಾಪ್ ನೋಡ್ದೆ, ಬ್ಲೂಟೂತ್ ನೋಡ್ದೆ, ಅಳಿಸಿದ ಗುರುತೂ ಇಲ್ಲ."

"ಅಳ್ಸೋಕೆ ಬರೋರಿಗೆ ಗುರುತು ಅಳ್ಸೋಕೂ ಬರುತ್ತಮ್ಮ." ತಿಪ್ಪೇರುದ್ರ ನಕ್ಕ. "ಆ ಹಿಂದಕ್ಕೆ ತಿರುಗಿ ನೋಡೋ ಹುಲ್ಲೆ ಒಂದೇ ಸಾಕು, ಎಂಥೋರಿಗೂ ಆಸೆ ಹುಟ್ಟುತ್ತೆ. ಪಾಪ, ಆಸೆಗೆ ಕೊಟ್ಟಿರ್ತಾಳೆ. ಬೇಗ ಬಾ, ಬಿಸಿಲು ತಲೆ ಸುಡ್ತಾ ಇದೆ."

ಅವನು ಮತ್ತೆ ಮರದ ಕೆಳಕ್ಕೆ ಹೋದ. ಹುಚ್ಚಕ್ಕ ಅವನು ಹೋದ ಕಡೆ ನೋಡಲೂ ಇಲ್ಲ.

ಸ್ವಪ್ನ ಸೆಟ್ಟಿಂಗ್ಸ್ ತೆರೆದಳು. ಡಿಸ್ಪ್ಲೇಗೆ ಹೋದಳು. ರಿಫ್ರೆಶ್ ರೇಟ್ ನೂರಿಪ್ಪತ್ತು. ಬ್ಯಾಟರಿಗೆ ಬಂದಳು. ಪ್ರೊಸೆಸರ್ ವೇಗ ಎಲ್ಲಕ್ಕಿಂತ ಮೇಲಿನದು. ಉಳಿತಾಯದ ಗುಂಡಿ ಆಫ್.

"ಹುಚ್ಚಕ್ಕ, ಇದನ್ನ ಯಾರು ಹಿಂಗಿಟ್ರು?"

"ಹೆಂಗೆ?"

"ಪರದೆ ಒಂದು ಸೆಕೆಂಡಿಗೆ ನೂರಿಪ್ಪತ್ತು ಸಲ ಚಿತ್ರ ಬದಲಾಯಿಸ್ತಾ ಐತೆ. ನಿಮ್ಮ ಲಾಳಿ ಇದ್ದಂಗೆ ಅನ್ಕೊಳ್ಳಿ. ಅರವತ್ತು ಸಲ ಓಡಿದ್ರೆ ಸಾಕು ಅನ್ನೋ ಕಡೆ ನೂರಿಪ್ಪತ್ತು ಸಲ ಓಡಿಸ್ತಾವ್ರೆ. ಒಳಗಿನ ಮೆದುಳೂ ಹಂಗೇ, ಸುಮ್ನಿರೋ ಹೊತ್ತಲ್ಲೂ ದಡಬಡ."

"ಅಯ್ಯೋ, ಅದಕ್ಕೇ ಮಧ್ಯಾಹ್ನಕ್ಕೇ ಸಾಯ್ತಾ ಐತಾ!" ಹುಚ್ಚಕ್ಕ ತಲೆ ಚಚ್ಚಿಕೊಂಡಳು. "ನಾನು ಬ್ಯಾಟ್ರಿ ಹೋಯ್ತು ಅಂದ್ಕೊಂಡೆ. ಯುಗಾದಿಗೆ ಬಂದಾಗ ನನ್ನ ಮಗಳು ಸುನಿತಾ ಎಲ್ಲಾ ಅರವತ್ತಕ್ಕಿಟ್ಟು, ನಿಧಾನ ಮಾಡಿ ಕೊಟ್ಟು ಹೋಗಿದ್ಳು. ಮುಟ್ಟಬ್ಯಾಡ ಅವ್ವ, ಬೆಳಿಗ್ಗೆ ಹಚ್ಚಿದ್ರೆ ಸಂಜೆಗಂಟ ಬರ್ತೈತೆ ಅಂದಿದ್ಳು. ಬರ್ತಾನೂ ಇತ್ತು."

ಹುಚ್ಚಕ್ಕನ ಕೆಲಸದ ರೀತಿಯೇ ಹಾಗಿತ್ತು. ಹೊಸ ಅಂಚಿನ ಮೊದಲ ಸೀರೆಯನ್ನು ಕೈಯಲ್ಲೇ ಎಣಿಸಿ ನೇಯಬೇಕು. ಸುನಿತಾ ಚೌಕಳಿ ಹಾಳೆಯ ಮೇಲೆ ಚಿತ್ರ ಬರೆದು, ಒಂದೊಂದು ಸಾಲನ್ನೂ ಫೋಟೋ ಹಿಡಿದು ಫೋನಿಗೆ ಹಾಕಿದ್ದಳು. ಫೋನನ್ನು ಮಗ್ಗದ ಕಂಬಕ್ಕೆ ಕಟ್ಟಿಕೊಂಡು, ಒಂದು ಸಾಲು ನೇಯ್ದು, ಬೆರಳಿನಿಂದ ತಳ್ಳಿ, ಮುಂದಿನ ಸಾಲು. ಬೆಳಿಗ್ಗೆಯಿಂದ ಸಂಜೆವರೆಗೆ ಪರದೆ ಆರುವಂತಿಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಹೇಳುವಂತಿಲ್ಲ.

"ಯಾವಾಗಿಂದ ಮಧ್ಯಾಹ್ನಕ್ಕೆ ಆರ್ತಾ ಐತೆ?"

"ಹೋದ ಅಮಾಸೆ ಆದ್ಮೇಲಿಂದ."

ಸ್ವಪ್ನ ಚಿತ್ರಗಳನ್ನು ತೆರೆದಳು. ಕುದಾಪುರದ ಹುಲ್ಲುಗಾವಲಲ್ಲಿ ಓಡುವ ಹುಲ್ಲೆಗಳು ಚೌಕಗಳಲ್ಲಿ ಸಾಲುಗಟ್ಟಿದ್ದವು. ಎಲ್ಲವೂ ಮುಂದಕ್ಕೆ ನೋಡುತ್ತಿದ್ದವು. ಕೊನೆಕೊನೆಗೆ, ಸೆರಗು ಸೇರುವ ಕಡೆ, ಒಂದೇ ಒಂದು ಹುಲ್ಲೆ ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ಎಷ್ಟು ಚೆಂದ ಇತ್ತೆಂದರೆ ಅವಳಿಗೆ ಒಂದು ಕ್ಷಣ ಕೇಸೇ ಮರೆತುಹೋಯಿತು. ಒಂದೇ ಹುಲ್ಲೆಯನ್ನು ಮತ್ತೆ ಮತ್ತೆ ನೇಯ್ದಿದ್ದ ನಾಗಭೂಷಣನ ಅಂಗಡಿಯ ನಕಲಿನಲ್ಲಿ ಈ ಹುಲ್ಲೆ ಇರಲಿಲ್ಲ.

"ಮರಿ ಹಿಂದೆ ಉಳಿದೈತಾ ಅಂತ ನೋಡೋ ತಾಯಿ ಅದು," ಹುಚ್ಚಕ್ಕನ ಮುಖ ಮೊದಲ ಸಲ ಸಡಿಲಾಯಿತು. "ಆಮೇಲೆ ನನಗೇ ಹೊಳೀತು, ಸುನಿತಾ ಕೈಲಿ ಬರೆಸ್ಕೊಂಡೆ. ಮಂಜುಳಮ್ಮಂಗೂ ಹೇಳಿಲ್ಲ, ಸೀರೆ ಮುಗಿದ್ಮೇಲೆ ಬಿಚ್ಚಿ ತೋರಿಸಾನ ಅಂತ. ನಾನಿನ್ನೂ ಅಲ್ಲಿಗಂಟ ನೇಯ್ದೇ ಇಲ್ಲ."

ಸ್ವಪ್ನ ತಲೆಯಾಡಿಸಿದಳಾದರೂ ಮನಸ್ಸು ಸೆಟ್ಟಿಂಗ್ಸ್ ಕಡೆಗೇ ಎಳೆಯುತ್ತಿತ್ತು. ಇನ್ನೊಂದು ಜಾಗ ನೋಡಬೇಕಿತ್ತು. ಡೆವಲಪರ್ ಆಪ್ಶನ್ಸ್, ಸಾಮಾನ್ಯರು ಹೋಗದ ಜಾಗ; ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರಷ್ಟೇ ತೆರೆಯುತ್ತದೆ. ಇಲ್ಲಿ ಯಾರೋ ಆಗಲೇ ತೆರೆದಿದ್ದರು. ಒಳಗೆ, ಕಿಟಕಿಗಳು ತೆರೆದು ಮುಚ್ಚುವ ಅನಿಮೇಷನ್ ಮೂರರ ಹೊತ್ತನ್ನೂ ಅರ್ಧಕ್ಕೆ ಇಳಿಸಿದ್ದರು.

ಅವಳು ಮೂರೂ ಸಂಖ್ಯೆಗಳನ್ನು ಇನ್ನೊಮ್ಮೆ ಓದಿದಳು.

ಈ ಕೈ ಅವಳಿಗೆ ಗೊತ್ತಿತ್ತು. ಪರದೆ ನೂರಿಪ್ಪತ್ತಕ್ಕೆ, ಪ್ರೊಸೆಸರ್ ಮೇಲಕ್ಕೆ, ಅನಿಮೇಷನ್ ಅರ್ಧಕ್ಕೆ. ಈ ಮೂರು ಮಾಡಿ ಕೊಟ್ಟರೆ ಎಂಥ ಹಳೇ ಫೋನೂ ಹೊಸದಾದ ಹಾಗೆ ಕಾಣುತ್ತದೆ, ಗಿರಾಕಿ 'ಭಲೇ' ಅನ್ನುತ್ತಾನೆ. ರೇಡಿಯೋ ರಿಪೇರಿ ಕಾಲದಿಂದ ಚಳ್ಳಕೆರೆಯಲ್ಲಿ ಬೆಂಚು ಹಾಕಿಕೊಂಡಿದ್ದ ಮಲ್ಲಿಕಾರ್ಜುನಪ್ಪನವರು ಕಲಿಸಿದ ವಿದ್ಯೆ ಅದು. ಅದೇ ಕ್ರಮದಲ್ಲಿ, ಮೂರನ್ನೂ ಒಟ್ಟಿಗೆ ಮಾಡುವವರು ಈ ಸೀಮೆಯಲ್ಲಿ ಮೂವರೇ. ಗುರುಗಳು, ಸ್ವಪ್ನ, ಮತ್ತೆ ಅವಳ ಜೊತೆ ಕಲಿತ ಬಾಲರಾಜು.

ಬಾಲರಾಜುವಿನ ಅಂಗಡಿ ಇದ್ದದ್ದು ಮೊಳಕಾಲ್ಮೂರಿನಲ್ಲೇ, ಇಲ್ಲಿಂದ ಎರಡು ಬೀದಿ ಆಚೆ.

"ಹುಚ್ಚಕ್ಕ, ನಿಜ ಹೇಳಿ. ಈ ಫೋನ್ ಯಾರ ಕೈಗಾದ್ರೂ ಕೊಟ್ಟಿದ್ರಾ?"

"ದೇವರಾಣೆ ಇಲ್ಲ! ಪೊಲೀಸಪ್ಪಂಗೂ ಅದೇ ಹೇಳ್ದೆ. ಯಾರ ಕೈಗೂ ಕೊಟ್ಟಿಲ್ಲ."

"ರಿಪೇರಿಗೆ?"

"ಕೆಟ್ಟೇ ಇಲ್ವಲ್ಲವ್ವ, ರಿಪೇರಿ ಯಾಕೆ?"

ಸ್ವಪ್ನ ಫೋನನ್ನು ತಲೆಕೆಳಗು ಮಾಡಿ ಚಾರ್ಜಿನ ತೂತನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕೆಂಪು ಗೆರೆ.

"ಇದೇನು, ಕುಂಕುಮ?"

"ಹೂಂ ಮತ್ತೆ. ಅಮಾಸೆ ದಿನ ಮಗ್ಗ ಮುಟ್ಟಂಗಿಲ್ಲ ಅಲ್ವಾ? ಲಾಳಿ, ಕಂಡಿಕೆ ಎಲ್ಲಾ ತೊಳೆದು ಮಗ್ಗದ ಮುಂದೆ ಇಟ್ಟು ಪೂಜೆ ಮಾಡ್ತೀವಿ. ಈಗ ಇದೂ ಮಗ್ಗದ ಸಾಮಾನೇ ತಾನೆ? ಅದನ್ನೂ ಇಟ್ಟೆ. ಕುಂಕುಮ ಹಚ್ಚಿ, ಕಾಯಿ ಒಡೆದೆ."

"ಕಾಯಿನೀರು ಬಿತ್ತಾ?"

"ಒಂಚೂರು. ಮಾರನೇ ದಿನ ಚಾರ್ಜ್ ಏರ್ಲಿಲ್ಲ. ಬಾಲರಾಜು ಹತ್ರ ಹೋಗಿ ಕುಂಕುಮ ಊದಿಸ್ಕೊಂಡು ಬಂದೆ."

ಸ್ವಪ್ನ ಫೋನು ಕೆಳಗಿಟ್ಟಳು.

"ಯಾರಿಗೂ ಕೊಟ್ಟಿಲ್ಲ ಅಂದ್ರಲ್ಲ ಹುಚ್ಚಕ್ಕ!"

"ಅದು ಕೊಟ್ಟಂಗಾ? ಊದಿಸಿದ್ದು ಅಷ್ಟೇ." ಹುಚ್ಚಕ್ಕನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ದೇವರ ಕುಂಕುಮ ಅದು, ಕೆಟ್ಟಿದ್ದು ಅಂತ ಹೆಂಗೆ ಬಾಯಿ ಬಿಟ್ಟು ಹೇಳ್ಲಿ? ಬೆಳಿಗ್ಗೆ ಇಟ್ಟು ಬಂದೆ, ಸಂಜೆ ತಗೊಂಡೆ. ಅವತ್ತೆಲ್ಲಾ ಮನೇಲಿ ಕಂಡಿಕೆಗೆ ನೂಲು ಸುತ್ಕೊಂಡು ಕೂತಿದ್ದೆ."

"ಬೀಗ? ಪ್ಯಾಟ್ರನ್ ಏನಾದ್ರೂ?"

"ನನ್ನ ಫೋನಿಗೆ ಬೀಗ ಯಾಕವ್ವ?"

ಬೆಳಿಗ್ಗೆಯಿಂದ ಸಂಜೆ. ಕುಂಕುಮ ಊದುವುದಕ್ಕೆ ಐದು ನಿಮಿಷ ಸಾಕು. ಸ್ವಪ್ನ ಎದ್ದಳು. ಫೋನನ್ನು ಕೇಳಿ ಪಡೆದು ಬ್ಯಾಗಿಗೆ ಹಾಕಿಕೊಂಡಳು. ಸೆಟ್ಟಿಂಗ್ ಒಂದನ್ನೂ ಬದಲಿಸಲಿಲ್ಲ. ಇದ್ದ ಸಾಕ್ಷಿ ಅದೊಂದೇ.

ಬಾಲರಾಜುವಿನ ಅಂಗಡಿ ಅಂದರೆ ಒಂದು ಕೌಂಟರು, ಒಂದು ಫ್ಯಾನು, ಗೋಡೆ ತುಂಬ ಫೋನಿನ ಕವರುಗಳು. ಅವನು ಒಬ್ಬ ಮುದುಕನಿಗೆ "ರೇಪು ರಾ ತಾತಾ, ಇಸ್ತಾ" ಎಂದು ತೆಲುಗಿನಲ್ಲಿ ನಾಳೆಗೆ ಸಾಗಹಾಕುತ್ತಿದ್ದ. ಸ್ವಪ್ನಳನ್ನು ಕಂಡದ್ದೇ ಮುಖ ಅರಳಿತು.

"ಅಕ್ಕಾ! ಏನಕ್ಕಾ ನಮ್ಮೂರಿಗೆ! ಕೂತ್ಕೋ, ಚಾ ಹೇಳ್ತೀನಿ."

"ಚಾ ಆಮೇಲೆ." ಅವಳು ಹುಚ್ಚಕ್ಕನ ಫೋನನ್ನು ಕೌಂಟರ್ ಮೇಲಿಟ್ಟಳು. "ಇದನ್ನ ಗುರುತು ಹಿಡೀತೀಯಾ?"

ಅವನ ಮುಖ ಮಡಚಿಕೊಂಡಿತು. "ಹುಚ್ಚಕ್ಕಂದು. ಕುಂಕುಮ ಹೋಗಿತ್ತು."

"ನೂರಿಪ್ಪತ್ತು, ಫುಲ್ ಸ್ಪೀಡು, ಅನಿಮೇಷನ್ ಅರ್ಧ. ಬಾಲೂ, ಇದು ನಮ್ಮ ಬೆಂಚಿನ ಕೆಲಸ. ನನ್ನ ಮುಂದೆ ಸುಳ್ಳು ಹೇಳ್ಬೇಡ."

ಬಾಲರಾಜು ಫೋನ್ ತೆಗೆದುಕೊಂಡು ನೋಡಿದ. ನೋಡುತ್ತಾ ನೋಡುತ್ತಾ ಅವನಿಗೆ ಸಿಟ್ಟು ಬಂತು, ಆದರೆ ದನಿ ಏರಿಸಲಿಲ್ಲ.

"ಅಂದ್ರೆ ನಾನು ಕದ್ದೆ ಅಂತೀಯಾ? ಆ ಹೆಂಗಸು ನಮ್ಮವ್ವನ ಪಕ್ಕದ ಮಗ್ಗ ಅಕ್ಕಾ. ನಾನು ಅವಳ ಕೈಯೂಟ ಉಂಡು ಬೆಳೆದೋನು."

"ಹಂಗಾದ್ರೆ ಇದು ಯಾರ ಕೈ?"

ಅವನು ಕೌಂಟರಿನ ಕೆಳಗಿಂದ ರಿಪೇರಿ ಮುಗಿದ ಮೂರು ಫೋನುಗಳನ್ನು ತೆಗೆದು ಅವಳ ಮುಂದೆ ಸಾಲಾಗಿ ಇಟ್ಟ. "ನೋಡು. ನೀನೇ ನೋಡು."

ಸ್ವಪ್ನ ಒಂದೊಂದಾಗಿ ನೋಡಿದಳು. ಅರವತ್ತು. ಅರವತ್ತು. ಅರವತ್ತು. ಮೂರರಲ್ಲೂ ಉಳಿತಾಯದ ಗುಂಡಿ ಆನ್ ಆಗಿತ್ತು. ಏಳು ಸಲ ಒತ್ತುವ ಬಾಗಿಲು ಯಾವುದರಲ್ಲೂ ತೆರೆದಿರಲಿಲ್ಲ.

"ಅಂಗಡಿ ಹಾಕಿದ ಹೊಸದರಲ್ಲಿ ಗುರುಗಳು ಹೇಳ್ಕೊಟ್ಟಂಗೇ ಮಾಡ್ತಿದ್ದೆ," ಅಂದ ಬಾಲರಾಜು. "ಬೆಳಿಗ್ಗೆ ಭಲೇ ಅಂದೋನು ಸಂಜೆ ಬಂದು ಬೈದು ಹೋಗ್ತಿದ್ದ, ಚಾರ್ಜ್ ನಿಲ್ತಿಲ್ಲ ಅಂತ. ಇಲ್ಲಿ ಎಲ್ರೂ ಮಗ್ಗದ ಮುಂದೆ ಫೋನ್ ಇಟ್ಕೊಂಡು ಹಾಡು ಕೇಳ್ತಾ ಕೂರೋರು. ಇವ್ರಿಗೆ ಓಟ ಬೇಡ ಅಕ್ಕಾ, ಬಾಳಿಕೆ ಬೇಕು. ಮೂರು ವರ್ಷ ಆಯ್ತು ಆ ವಿದ್ಯೆ ಬಿಟ್ಟು."

ಸ್ವಪ್ನಳಿಗೆ ನಾಚಿಕೆಯಾಯಿತು. ಜೊತೆಗೆ ಒಂದು ಹಿಡಿ ಸಮಾಧಾನವೂ ಆಯಿತು; ಇವನಲ್ಲ. ಆದರೆ ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಹಂಗಾದ್ರೆ ಬೆಳಿಗ್ಗೆಯಿಂದ ಸಂಜೆಗಂಟ ಈ ಫೋನ್ ಇಟ್ಕೊಂಡು ಏನ್ ಮಾಡ್ದೆ?"

ಬಾಲರಾಜು ಸ್ಕ್ರೂಡ್ರೈವರ್ ತೆಗೆದುಕೊಂಡು ಸುಮ್ಮನೆ ತಿರುಗಿಸಿದ. "ಹೇಳ್ಕೊಳಕ್ಕೆ ನಾಚ್ಕೆ ಅಕ್ಕಾ. ಕಾಯಿನೀರಿಗೆ ಚಾರ್ಜಿಂಗ್ ಪಿನ್ ಸುಟ್ಟೋಗಿತ್ತು. ಆ ಪೀಸ್ ನನ್ನ ಹತ್ರ ಇರ್ಲಿಲ್ಲ. ಹುಚ್ಚಕ್ಕಂಗೆ ನನ್ನ ಕೈಲಿ ಆಗಲ್ಲ ಅಂತ ಹೆಂಗೆ ಹೇಳ್ಲಿ? ಹತ್ತೂವರೆ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಚಳ್ಳಕೆರೆಗೆ ಕಳಿಸ್ದೆ. ನಾಲ್ಕರ ಬಸ್ಸಿಗೆ ವಾಪಸ್ ಬಂತು. ಬಿಚ್ಚಿ ನೋಡದೇ ಕೊಟ್ಬಿಟ್ಟೆ."

"ಚಳ್ಳಕೆರೇಲಿ ಎಲ್ಲಿಗೆ?"

ಬಾಲರಾಜು ತಲೆಯೆತ್ತಿದ. ಅವನ ಕಣ್ಣಲ್ಲಿ ನಿಜವಾದ ಆಶ್ಚರ್ಯ ಇತ್ತು.

"ಎಲ್ಲಿಗೆ ಅಂದ್ರೆ? ನಿನ್ನಂಗಡಿಗೇ ಅಕ್ಕಾ."

ಫ್ಯಾನು ಕಟಕಟ ಅನ್ನುತ್ತಿತ್ತು. ಸ್ವಪ್ನ ದಿನ ಲೆಕ್ಕ ಹಾಕಿದಳು. ಅಮಾವಾಸ್ಯೆಯ ಮಾರನೇ ದಿನ. ಆ ದಿನ ಅವಳು ಪರಶುರಾಂಪುರದಲ್ಲಿ ತಂಗಿ ಶಿಲ್ಪಳ ಸೀಮಂತಕ್ಕೆ ಹೋಗಿದ್ದಳು. ಅವಳ ಬದಲು ಅಂಗಡಿಯಲ್ಲಿ ಕೂತವರು ಗುರುಗಳು. 'ಯಾರೇ ಆಗಿರ್ಲಿ' ಎಂದು ಒಂದು ಗಂಟೆಯ ಹಿಂದೆ ದೊಡ್ಡದಾಗಿ ಅಂದು ಬಂದಿದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಕೋಪ ಬಂತು.

ಅಂಗಡಿಯ ಮೂಲೆಗೆ ಸರಿದು ತನ್ನ ಫೋನಿನಿಂದ ಕರೆ ಮಾಡಿದಳು. ಮೂರನೇ ರಿಂಗಿಗೆ ಮಲ್ಲಿಕಾರ್ಜುನಪ್ಪ ಎತ್ತಿದರು.

"ಏನು ಮಗಳೇ, ಊಟ ಆಯ್ತಾ?"

"ಗುರುಗಳೇ, ನಾನು ಸೀಮಂತಕ್ಕೆ ಹೋದ ದಿನ ಬಾಲೂ ಒಂದು ಫೋನ್ ಕಳಿಸಿದ್ನಾ?"

"ಹೂಂ, ಕುಂಕುಮ ಮೆತ್ತಿತ್ತಲ್ಲ, ಅದು! ಪಿನ್ ಹಾಕ್ದೆ. ಪಾಪ, ಫೋನ್ ಎತ್ತಿನಗಾಡಿ ಆಗಿತ್ತು ಕಣಮ್ಮ. ಯಾರು ಪುಣ್ಯಾತ್ಮರೋ ಎಲ್ಲಾ ಇಳಿಸಿಟ್ಟಿದ್ರು. ಮೂರೂ ಏರಿಸಿ ಚುರುಕು ಮಾಡಿ ಕಳಿಸ್ದೆ."

ಅವರ ದನಿಯಲ್ಲಿ ಅಳುಕೇ ಇರಲಿಲ್ಲ. ಉಪಕಾರ ಮಾಡಿದ ಹೆಮ್ಮೆ ಇತ್ತು. ಸ್ವಪ್ನಳ ಕಣ್ಣು ಒದ್ದೆಯಾಯಿತು. ಗುರುಗಳು ಕಳ್ಳರಲ್ಲ, ಬರೀ ಹಳೇ ಕೈ.

"ಚುರುಕಾಯ್ತಾ ಅಂತ ಹೆಂಗೆ ನೋಡಿದ್ರಿ?"

"ಫೋಟೋಗಳನ್ನ ತೆಗೆದು ಸರಸರ ಎಳೆದೆ. ನೂರಾರು ಜಿಂಕೆ ಚಿತ್ರ. ಬೆಣ್ಣೆ ಥರ ಓಡಿದ್ವು. ಪಕ್ಕದಲ್ಲಿ ಕೂತೋನೂ ಎಷ್ಟು ಚೆನ್ನಾಗಿದೆ ಅಂದ."

"ಪಕ್ಕದಲ್ಲಿ ಯಾರಿದ್ರು?"

"ಇನ್ಯಾರು, ನಿನ್ನ ತಿಪ್ಪೇರುದ್ರ. ನಿನ್ನ ಹುಡುಕ್ಕೊಂಡು ಬಂದಿದ್ದ. ನಾನು ಒಳಗೆ ಬುತ್ತಿ ಬಿಚ್ಚಿ ಊಟಕ್ಕೆ ಕೂತಾಗ ಅವನೇ ಅಂಗಡಿ ನೋಡ್ಕೊಂಡ. ಯಾಕಮ್ಮ?"

"ಏನಿಲ್ಲ ಗುರುಗಳೇ. ಬಂದು ಮಾತಾಡ್ತೀನಿ."

ಒಂದು ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ಫೋಟೋ ಹೊಡೆದರೆ ಮೊದಲನೆಯದರಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ಇಷ್ಟು ಸಣ್ಣ ವಿಷಯ ಬೆಳಿಗ್ಗೆಯಿಂದ ತನಗೆ ಹೊಳೆಯಲಿಲ್ಲವಲ್ಲ! ಈ ಕೇಸು ಹಿಡಿದುಕೊಂಡು ನಾಲ್ಕು ದಿನದಿಂದ ಅಂಗಡಿಗೆ ಬಂದು ಹೋದ ತಿಪ್ಪೇರುದ್ರ, ಆ ದಿನ ತಾನಲ್ಲಿದ್ದೆ ಎಂದು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಹೊರಗೆ ಹಾರ್ನ್ ಆಯಿತು. ಬಿಳಿ ಕಾರು ಅಂಗಡಿಯ ಮುಂದೆಯೇ ಬಂದು ನಿಂತಿತ್ತು, ಇಂಜಿನ್ ಗುರುಗುಟ್ಟುತ್ತಿತ್ತು.

ಸ್ವಪ್ನ ಹುಚ್ಚಕ್ಕನ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದಳು. ಅದು ಇನ್ನೂ ಬೆಚ್ಚಗಿತ್ತು. ಚಾರ್ಜ್ ಹನ್ನೊಂದು ಪರ್ಸೆಂಟಿಗೆ ಇಳಿದಿತ್ತು.

ತಿಪ್ಪೇರುದ್ರ ಕಿಟಕಿಯಿಂದ ಕೈ ಚಾಚಿದ. "ಮುಗೀತಾ? ಆ ಫೋನ್ ಇಲ್ಲಿ ಕೊಡಮ್ಮ. ಸಾಕ್ಷಿ ಅದು, ನನ್ನ ಹತ್ರ ಇದ್ರೆ ಒಳ್ಳೇದು."

ಅವಳು ಕೊಡಲಿಲ್ಲ. ಭಯವಾಗುತ್ತಿತ್ತು, ಸುಳ್ಳು ಹೇಳುವುದೇಕೆ? ಆದರೆ ನೀರಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುವ ಹುಚ್ಚಕ್ಕ ಕಣ್ಣ ಮುಂದೆ ಬಂದಳು.

"ರುದ್ರಣ್ಣ, ಒಂದು ಮಾತು. ಹಿಂದಕ್ಕೆ ತಿರುಗಿ ನೋಡೋ ಹುಲ್ಲೆ ಅಂದ್ರಲ್ಲ ಆಗ್ಲೇ, ಅದನ್ನ ನೀವೆಲ್ಲಿ ನೋಡಿದ್ರಿ?"

"ಎಲ್ಲಿ ಅಂದ್ರೆ, ಸೀರೇಲಿ."

"ನಕಲು ಸೀರೇಲಿ ಅದಿಲ್ಲ. ಹುಚ್ಚಕ್ಕ ಅದನ್ನ ಇನ್ನೂ ನೇಯ್ದೇ ಇಲ್ಲ."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಒಳಗೆ ಹೋಗಿ ಕಾರಿನ ಕೀಲಿ ತಿರುಗಿಸಿತು. ಇಂಜಿನ್ ನಿಂತಿತು. ತಿಪ್ಪೇರುದ್ರನ ಮುಖದಲ್ಲಿ ಸಿಟ್ಟಿರಲಿಲ್ಲ. 'ಪಾಪ' ಅನ್ನುವಂಥ ಒಂದು ನೋಟವಿತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಅವನು ಬಗ್ಗಿ ಆ ಕಡೆಯ ಬಾಗಿಲು ತೆರೆದ.

"ಈಗ ಫೋನ್ ಮಾಡಿದ್ದು ನಿಮ್ಮ ಗುರುಗಳಿಗೆ ತಾನೆ? ಕೂತ್ಕೋ ಸ್ವಪ್ನಮ್ಮ," ಅಂದ. "ಆ ದಿನ ಅಂಗಡೀಲಿ ನಡೆದಿದ್ದರಲ್ಲಿ ಅವರು ನಿನಗೆ ಅರ್ಧ ಮಾತ್ರ ಹೇಳಿದ್ದಾರೆ."